ಮಳೆಗಾಲಕ್ಕೂ ನಿಲ್ಲದ ಸೈಕಲ್: ಹುಬ್ಬಳ್ಳಿ–ಧಾರವಾಡದವರು ಕೊಳ್ಳುವ ಮುನ್ನ

ಮಿರಗದ ಮಳೆ ಹಿಡಿದು ಎರಡು ವಾರ ಕಳೆದರೆ ಸಾಕು, ಅವಳಿ ನಗರದ ಸೈಕಲ್ ಮಿಸ್ತ್ರಿಗಳ ಮುಂದೆ ಒಂದೇ ಬಗೆಯ ದೂರು ಹೊತ್ತ ಸೈಕಲ್‌ಗಳು ಬಂದು ನಿಲ್ಲುತ್ತವೆ. ಚೈನು ಕೆಂಪಗೆ ತುಕ್ಕು ಹಿಡಿದಿರುತ್ತದೆ. ಬ್ರೇಕ್ ಕಿರುಚುತ್ತದೆ, ಗಾಲಿ ಮಾತ್ರ ನಿಲ್ಲುವುದಿಲ್ಲ. ಮುಂದಿನ ಶಾಕ್ ಒತ್ತಿದಲ್ಲೇ ಕುಳಿತುಬಿಟ್ಟಿರುತ್ತದೆ. ಸವಾರನ ಬೆನ್ನ ಮೇಲೆ ರಾಡಿಯ ಉದ್ದನೆಯ ಪಟ್ಟಿ. ಬೇಸಿಗೆಯಲ್ಲಿ, ಒಣ ರಸ್ತೆಯ ಮೇಲೆ ಒಂದು ಸುತ್ತು ಹೊಡೆದು, ಬಣ್ಣ ಮತ್ತು ಟೈರಿನ ದಪ್ಪ ನೋಡಿ ಕೊಂಡರೆ ಆಗುವುದು ಹೀಗೆಯೇ. ದಿನಾ ಕೆಲಸಕ್ಕೆ, ಕಾಲೇಜಿಗೆ ಹೋಗುವ ಸೈಕಲ್ಲನ್ನು ಜುಲೈ ತಿಂಗಳನ್ನು ಕಣ್ಣ ಮುಂದಿಟ್ಟುಕೊಂಡು ಆರಿಸಬೇಕು. ಜುಲೈನಲ್ಲಿ ಸರಿಯಾಗಿ ಓಡುವ ಸೈಕಲ್ಲಿಗೆ ಉಳಿದ ಹನ್ನೊಂದು ತಿಂಗಳು ಭಾರವಲ್ಲ.

ಮೊದಲು ದಾರಿ, ಆಮೇಲೆ ಅಂಗಡಿ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯ ಮೇಲೆ ನಾಲ್ಕು ಸಂಗತಿ ಬರೆದುಕೊಳ್ಳಿ: ಒಂದು ಕಡೆಯ ದೂರ ಎಷ್ಟು, ದಾರಿಯಲ್ಲಿ ಡಾಂಬರು ಅಥವಾ ಕಾಂಕ್ರೀಟು ಇಲ್ಲದ ಭಾಗ ಎಷ್ಟು, ಏರು ಎಲ್ಲೆಲ್ಲಿ, ಸೈಕಲ್ ಹಗಲೆಲ್ಲ ಎಲ್ಲಿ ನಿಲ್ಲುತ್ತದೆ. ನಾಲ್ಕನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಎಂಟು ತಾಸು ಮಳೆಯಲ್ಲಿ ನಿಲ್ಲುವ ಸೈಕಲ್ಲು ಅರ್ಧ ತಾಸು ಮಳೆಯಲ್ಲಿ ಓಡುವ ಸೈಕಲ್ಲಿಗಿಂತ ಬೇಗ ಹಾಳಾಗುತ್ತದೆ.

ಕೇಶ್ವಾಪುರದಿಂದ ಗೋಕುಲ ರಸ್ತೆಗೆ ಹೋಗುವವರ ಅಗತ್ಯ ಬೇರೆ, ನವನಗರದಿಂದ ಧಾರವಾಡಕ್ಕೆ ಹೋಗುವವರದು ಬೇರೆ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಅದು ವಾಯವ್ಯಕ್ಕಿದೆ, ಹುಬ್ಬಳ್ಳಿಗಿಂತ ಎತ್ತರದಲ್ಲೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮ–ನೈಋತ್ಯದಿಂದ ಬೀಸುವುದರಿಂದ ಹೋಗುವಾಗ ಏರೂ ಎದುರು, ಗಾಳಿಯೂ ಓರೆಯಾಗಿ ಎದುರು. ಬರುವಾಗ ಎರಡೂ ಸಲೀಸು. ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸುಗಳ ಮೀಸಲು ಪಥಕ್ಕೆ ಸೈಕಲ್ ಒಯ್ಯುವಂತಿಲ್ಲವಾದ್ದರಿಂದ ಪಕ್ಕದ ರಸ್ತೆಯ ಎಡ ಅಂಚೇ ನಿಮ್ಮ ಹಾದಿ. ನೀರು, ಉಸುಕು, ಒಡೆದ ಗಾಜು ಬಂದು ಸೇರುವುದೂ ಅಲ್ಲಿಯೇ.

ಮಣ್ಣಿನ ವಿಷಯ ಇದಕ್ಕಿಂತ ಮುಖ್ಯ. ಹುಬ್ಬಳ್ಳಿಯ ಪೂರ್ವಕ್ಕೆ, ಕುಂದಗೋಳ, ನವಲಗುಂದ, ಗದಗದ ದಾರಿಗಳಲ್ಲಿ ಎರೆಮಣ್ಣು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರದ ದಿಕ್ಕಿನಲ್ಲಿ ಕೆಂಪು ಗರಸು. ಎರಡೂ ಸೈಕಲ್ಲಿಗೆ ಹಾನಿ ಮಾಡುತ್ತವೆ, ಆದರೆ ಬೇರೆ ಬೇರೆ ರೀತಿಯಲ್ಲಿ: ಎರೆಮಣ್ಣು ಅಂಟಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ, ಗರಸು ನೀರಿನೊಡನೆ ಸೇರಿ ಚೈನು, ರಿಮ್ಮು, ಬ್ರೇಕ್ ರಬ್ಬರನ್ನು ಅರಗಲ್ಲಿನಂತೆ ತೇಯುತ್ತದೆ. ನಿಮ್ಮ ದಾರಿಯಲ್ಲಿ ಯಾವುದಿದೆ ಎಂಬುದರ ಮೇಲೆ ಮುಂದಿನ ಅರ್ಧ ನಿರ್ಧಾರಗಳು ನಿಂತಿವೆ.

ಯಾವ ಜಾತಿಯ ಸೈಕಲ್

ಐದು ಕಿಲೋಮೀಟರ್ ಒಳಗಿನ ಸಮತಟ್ಟು ದಾರಿಗೆ, ಹಿಂದೆ ಚೀಲ ಕಟ್ಟಿ ಹೋಗುವವರಿಗೆ, ನಮ್ಮ ಹಳೆಯ ಕಪ್ಪು ಸೈಕಲ್ ಇಂದಿಗೂ ಒಳ್ಳೆಯ ಆಯ್ಕೆ. ಉದ್ದ ಮಡ್‌ಗಾರ್ಡ್, ಚೈನ್ ಕವರ್, ಗಟ್ಟಿ ಕ್ಯಾರಿಯರ್, ಸ್ಟ್ಯಾಂಡ್ ಎಲ್ಲವೂ ಅದರ ಜೊತೆಗೇ ಬರುತ್ತವೆ. ಯಾವ ಹಳ್ಳಿಯಲ್ಲಾದರೂ ರಿಪೇರಿಯಾಗುತ್ತದೆ. ಅದರ ದೊಡ್ಡ ದೋಷ ಒಂದೇ. ಕಬ್ಬಿಣದ ರಿಮ್ಮಿನ ಮೇಲೆ ಸಲಾಕೆಯ ಬ್ರೇಕ್ ಮಳೆಯಲ್ಲಿ ಹೆಸರಿಗೆ ಮಾತ್ರ ಬ್ರೇಕ್. ಒದ್ದೆ ಕ್ರೋಮ್ ಮೇಲೆ ರಬ್ಬರು ಜಾರುತ್ತದೆ, ನಿಲ್ಲುವ ದೂರ ಹಲವು ಪಟ್ಟು ಹೆಚ್ಚುತ್ತದೆ. ಇಳಿಜಾರು ಇರುವ ದಾರಿಗೆ ಇದು ಬೇಡವೇ ಬೇಡ.

ದಪ್ಪ ಗಂಟಿನ ಟೈರು, ಮುಂದೆ ಶಾಕ್ ಇರುವ ಅಗ್ಗದ ‘ಎಂಟಿಬಿ’ಗಳು (ಗುಡ್ಡಗಾಡಿನ ಮೌಂಟನ್ ಬೈಕ್ ಮಾದರಿಯವು) ಅಂಗಡಿಯ ಮುಂದಿನ ಸಾಲನ್ನು ತುಂಬಿರುತ್ತವೆ. ಹತ್ತು ಸಾವಿರದ ಆಸುಪಾಸಿನ ಸೈಕಲ್ಲಿನ ಶಾಕ್ ಅಂದರೆ ಒಳಗೆ ಒಂದು ಸ್ಪ್ರಿಂಗು, ಮೇಲೆ ತೆಳುವಾದ ರಬ್ಬರ್ ಟೊಪ್ಪಿಗೆ. ಮೊದಲ ಮಳೆಗಾಲದಲ್ಲಿ ನೀರು ಇಳಿಯುತ್ತದೆ, ಎರಡನೆಯದರಲ್ಲಿ ತುಕ್ಕು ಕಟ್ಟುತ್ತದೆ, ಆಮೇಲೆ ಅದು ಒಂದೆರಡು ಕಿಲೋ ಹೆಚ್ಚಿನ ತೂಕ ಅಷ್ಟೇ. ಏರು ಹತ್ತುವಾಗ ನಿಮ್ಮ ತ್ರಾಣವನ್ನೂ ಅದೇ ನುಂಗುತ್ತದೆ. ತಗ್ಗು–ದಿನ್ನೆಯ ಪೆಟ್ಟನ್ನು ಹೀರಿಕೊಳ್ಳುವ ಕೆಲಸವನ್ನು 40 ಮಿಲಿಮೀಟರ್ ಅಗಲದ, ಸರಿಯಾದ ಗಾಳಿಯ ಟೈರು ಇದಕ್ಕಿಂತ ಚೆನ್ನಾಗಿ ಮಾಡುತ್ತದೆ. ಸೀದಾ ಫೋರ್ಕ್ ಇರುವ ಹೈಬ್ರಿಡ್ ಅಥವಾ ಸಿಟಿ ಸೈಕಲ್ ಕೇಳಿ. ‘ಶಾಕ್ ಇಲ್ಲದ್ದು ಈಗ ಯಾರೂ ಒಯ್ಯುವುದಿಲ್ಲ’ ಎಂಬ ಮಾತಿಗೆ ಸೋಲಬೇಡಿ.

ಚೌಕಟ್ಟು ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಹೊರಗೆ ನಿಲ್ಲುವ ಸೈಕಲ್ಲಿಗೆ ಅಲ್ಯೂಮಿನಿಯಮ್ ಲೇಸು. ಭಾರ ಹೊರುವುದಕ್ಕೆ, ಮುರಿದರೆ ವೆಲ್ಡ್ ಮಾಡಿಸುವುದಕ್ಕೆ ಕಬ್ಬಿಣ ಲೇಸು. ಕಬ್ಬಿಣದ್ದಾದರೆ ಸೀಟಿನ ಕೊಳವೆಗೆ ಕೊಂಡ ದಿನವೇ ಗ್ರೀಸ್ ಸವರಿಸಿ. ಕಬ್ಬಿಣದ ಚೌಕಟ್ಟಿನಲ್ಲಿ ಅಲ್ಯೂಮಿನಿಯಮ್ ಸೀಟ್‌ಪೋಸ್ಟ್ ಒದ್ದೆಯಾಗಿ ವರ್ಷಗಟ್ಟಲೆ ಕುಳಿತರೆ ಎರಡೂ ಒಂದಾಗಿ ಕಚ್ಚಿಕೊಳ್ಳುತ್ತವೆ, ಮತ್ತೆ ಹೊರಗೆ ಬರುವುದಿಲ್ಲ.

ಮಡ್‌ಗಾರ್ಡ್ ಮತ್ತು ಬೆರಳಿನ ಜಾಗ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಸೈಕಲ್ಲಿನ ಟೈರಿಗೂ ಫೋರ್ಕಿನ ತಲೆಗೂ ನಡುವೆ, ಹಿಂದೆ ಟೈರಿಗೂ ಚೌಕಟ್ಟಿನ ಅಡ್ಡಕೊಳವೆಗೂ ನಡುವೆ ನಿಮ್ಮ ಕೈಬೆರಳು ಅಡ್ಡ ಹಿಡಿದು ತೂರಿಸಿ ನೋಡಿ. ಮಡ್‌ಗಾರ್ಡ್ ಹಾಕಿದ ಮೇಲೂ ಅದಕ್ಕೂ ಟೈರಿಗೂ ನಡುವೆ ಕನಿಷ್ಠ 12 ಮಿಲಿಮೀಟರ್ ಉಳಿಯಬೇಕು. ಎರೆಮಣ್ಣಿನ ದಾರಿಯಾದರೆ 20.

ಕಾರಣ ಹೀಗಿದೆ. ಜೋರು ಮಳೆಯಲ್ಲಿ ಎರೆಮಣ್ಣು ನೀರಾಗಿ ಹರಿಯುತ್ತದೆ, ಅಷ್ಟು ತೊಂದರೆ ಕೊಡುವುದಿಲ್ಲ. ಮಳೆ ನಿಂತು ಮಣ್ಣು ಅರ್ಧ ಆರಿದಾಗ ಅದು ಜಿಗುಟಾಗುತ್ತದೆ. ಹೊಲದಿಂದ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಬಿಟ್ಟುಹೋದ ಹೆಂಟೆಗಳಷ್ಟೇ ಸಾಕು. ಟೈರಿಗೆ ಅಂಟಿದ ಪದರ ಸುತ್ತುಸುತ್ತಿಗೂ ದಪ್ಪವಾಗಿ, ಮಡ್‌ಗಾರ್ಡಿನೊಳಗೆ ಗಚ್ಚಿನಂತೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಬಲವಂತವಾಗಿ ಪೆಡಲ್ ತುಳಿದರೆ ಹಿಂದಿನ ಗೇರಿನ ತೋಳು ಕಡ್ಡಿಗಳೊಳಗೆ ಸಿಕ್ಕಿ, ಅದನ್ನು ಚೌಕಟ್ಟಿಗೆ ಹಿಡಿದಿಡುವ ತುಂಡು, ಅಂದರೆ ಹ್ಯಾಂಗರ್, ಮುರಿಯುತ್ತದೆ. ಇಳಿದು, ಸೈಕಲ್ಲನ್ನು ಎರಡು ಹೆಜ್ಜೆ ಹಿಂದಕ್ಕೆ ಉರುಳಿಸಿ, ಮಣ್ಣು ಸಡಿಲವಾಗುತ್ತದೆ. ಉಳಿದದ್ದನ್ನು ಕಡ್ಡಿಯಿಂದ ಕೆರೆಯಿರಿ. ಹ್ಯಾಂಗರ್ ಚೌಕಟ್ಟಿಗೆ ವೆಲ್ಡ್ ಆಗಿದೆಯೋ, ಸ್ಕ್ರೂನಿಂದ ಬಿಚ್ಚಬಹುದೋ ಎಂದು ಕೊಳ್ಳುವಾಗಲೇ ನೋಡಿ. ಬಿಚ್ಚಬಹುದಾದದ್ದೇ ಬೇಕು, ಅದೇ ಮಾದರಿಯ ಇನ್ನೊಂದನ್ನು ಬಿಲ್ಲಿನ ಜೊತೆಗೇ ತೆಗೆದುಕೊಳ್ಳಿ, ಮುಂದೆ ಹುಡುಕಿದರೆ ಸಿಗುವುದು ಕಷ್ಟ.

ಮಡ್‌ಗಾರ್ಡ್ ಪೂರ್ಣ ಉದ್ದದ್ದಾಗಿರಲಿ. ಸೀಟಿನ ಕೆಳಗೆ ಸಿಕ್ಕಿಸುವ ಗಿಡ್ಡ ಪ್ಲಾಸ್ಟಿಕ್ ತುಂಡು ಬೆನ್ನನ್ನು ಮಾತ್ರ ಸ್ವಲ್ಪ ಉಳಿಸುತ್ತದೆ. ಮುಂದಿನ ಗಾಲಿಯಿಂದ ಚಿಮ್ಮುವ ರಾಡಿ ಬೀಳುವುದು ನಿಮ್ಮ ಪಾದದ ಮೇಲೆ, ಚೈನಿನ ಮೇಲೆ ಮತ್ತು ಪೆಡಲ್ ಅಚ್ಚಿನ (ಎರಡೂ ಪೆಡಲ್ ತೋಳುಗಳು ಕೂರುವ, ಚೌಕಟ್ಟಿನ ತಳದ ಅಚ್ಚಿನ) ಬೇರಿಂಗ್ ಮೇಲೆ. ಆದ್ದರಿಂದ ಮುಂದಿನ ಮಡ್‌ಗಾರ್ಡಿನ ತುದಿಗೆ ನೆಲದಿಂದ ಒಂದು ಗೇಣು ಎತ್ತರದವರೆಗೆ ಇಳಿಯುವ ರಬ್ಬರ್ ಪಟ್ಟಿ ಹಾಕಿಸಿ. ಹಳೆಯ ಟ್ಯೂಬಿನ ತುಂಡು ಸಾಕು. ಸೈಕಲ್ಲಿನ ಜೊತೆ ಮಡ್‌ಗಾರ್ಡ್ ಬರದಿದ್ದರೆ, ಫೋರ್ಕಿನ ತುದಿಯಲ್ಲೂ ಹಿಂದಿನ ಅಚ್ಚಿನ ಬಳಿಯೂ 5 ಮಿಲಿಮೀಟರ್ ಸ್ಕ್ರೂ ಕೂರುವ ಎಂ5 ತೂತುಗಳಿವೆಯೇ ಎಂದು ಬಗ್ಗಿ ನೋಡಿ. ಹಿಂದೆ ಎರಡು ಜೊತೆ ಇದ್ದರೆ ಒಂದು ಮಡ್‌ಗಾರ್ಡಿಗೆ, ಇನ್ನೊಂದು ಕ್ಯಾರಿಯರಿಗೆ. ಈ ತೂತುಗಳಿಲ್ಲದ ಸೈಕಲ್ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಅಲ್ಲ.

ಗಾಲಿ, ಟೈರು, ಮುಳ್ಳು

ಅಗಲ 38ರಿಂದ 47 ಮಿಲಿಮೀಟರ್ ನಡುವೆ ಇರಲಿ. ಮೈಮೇಲೆ ಸಣ್ಣ ಗೆರೆಗಳ ಅಚ್ಚು ಸಾಕು. ದೊಡ್ಡ ಗಂಟುಗಳ ಸಂದಿಯಲ್ಲಿ ಎರೆಮಣ್ಣು ಕೂರುತ್ತದೆ, ಡಾಂಬರಿನ ಮೇಲೆ ಗುಂಯ್‌ಗುಟ್ಟುತ್ತ ಎಳೆತವೂ ಹೆಚ್ಚುತ್ತದೆ. ರಿಮ್ಮು ಎರಡು ಗೋಡೆಯ ಅಲಾಯ್, ಕಡ್ಡಿಗಳು 32 ಅಥವಾ 36.

ಟೈರಿನ ಮಗ್ಗುಲಲ್ಲಿ ಅಚ್ಚಾದ ಅಂಕಿಯನ್ನು ಓದಲು ಕಲಿಯಿರಿ. 40–622 ಎಂದಿದ್ದರೆ ಅಗಲ 40, ರಿಮ್ಮಿನ ಮೇಲೆ ಟೈರು ಕೂರುವ ವ್ಯಾಸ 622 ಮಿಲಿಮೀಟರ್. 700ಸಿ ಮತ್ತು 29 ಇಂಚು ಎನ್ನುವ ಎರಡೂ ಇದೇ 622. 27.5 ಇಂಚು ಎಂದರೆ 584, ಎಂಟಿಬಿಯ 26 ಇಂಚು 559, ಕಪ್ಪು ಸೈಕಲ್ಲಿನ 28 ಇಂಚು 635. ಅಂಗಡಿಯವರು ‘28’ ಎಂದರೂ 700ಸಿ ಎಂದರೂ ಈ ಅಂಕಿ ಹೇಳಿ ಕೇಳಿದರೆ ತಪ್ಪು ಟೈರು ಬರುವುದಿಲ್ಲ. ಹಳ್ಳಿಯ ಪಂಚರ್ ಅಂಗಡಿಯಲ್ಲಿ 622ರ ಟ್ಯೂಬ್ ಸಿಗುವುದು ಅಪರೂಪ, ಒಂದನ್ನು ಚೀಲದಲ್ಲೇ ಇಟ್ಟುಕೊಳ್ಳಿ. ವಾಲ್ವ್ ಮೋಟಾರ್‌ಸೈಕಲ್ಲಿನಂಥದ್ದೇ ಇರಲಿ. ತೆಳು ಫ್ರೆಂಚ್ ವಾಲ್ವ್ ಇದ್ದರೆ ರಸ್ತೆಬದಿಯ ಯಾವ ಪಂಪೂ ಕೂರುವುದಿಲ್ಲ.

70 ಕಿಲೋ ಆಸುಪಾಸಿನ ಸವಾರನಿಗೆ 40 ಮಿಲಿಮೀಟರ್ ಟೈರಿನಲ್ಲಿ ಹಿಂದೆ 55, ಮುಂದೆ 50 ಪಿಎಸ್‌ಐ ಸರಿ. ಮಳೆಯಲ್ಲಿ ಐದು ಕಡಿಮೆ ಇದ್ದರೆ ಹಿಡಿತ ಹೆಚ್ಚು. ಇದಕ್ಕಿಂತ ತೀರ ಕಡಿಮೆಯಾದರೆ ತಗ್ಗಿಗೆ ಬಿದ್ದಾಗ ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಚ್ಚಿ ಹಾವು ಕಡಿದಂತೆ ಜೋಡಿ ತೂತು ಮಾಡುತ್ತವೆ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಕ್ಷಣದಲ್ಲಿ ಮಿತಿ ಮೀರಿಸುತ್ತದೆ. ಗೇಜ್ ಇರುವ ಕೈಪಂಪು ಮನೆಯಲ್ಲಿರಲಿ.

ಪಂಚರಿನ ಮುಖ್ಯ ಕಾರಣ ಎರಡು: ಜಾಲಿ ಮುಳ್ಳು, ನೆಗ್ಗಿನ ಮುಳ್ಳು. ಮಳೆಗಾಲದಲ್ಲಿ ರಸ್ತೆಯಂಚಿಗೆ ಹಳದಿ ಹೂ ಬಿಟ್ಟು ಹಬ್ಬುವ ನೆಗ್ಗಿನ ಬಳ್ಳಿ ಮಳೆ ನಿಂತ ಮೇಲೆ ಒಣಗಿ ಕಾಯಿ ಉದುರಿಸುತ್ತದೆ. ಹಾಗಾಗಿ ದೀಪಾವಳಿಯ ಹೊತ್ತಿಗೆ ಪಂಚರ್ ಹೆಚ್ಚುತ್ತದೆ. ಒಳಗೆ ರಕ್ಷಾಪದರ ಇರುವ ಟೈರು ಸ್ವಲ್ಪ ಭಾರ, ಆದರೆ ಹಾಕಿದ ಹಣಕ್ಕೆ ಮೋಸವಿಲ್ಲ. ಅದರ ಜೊತೆ ಪ್ರತಿ ಟ್ಯೂಬಿಗೆ 100–120 ಮಿಲಿಲೀಟರ್ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿಸಿದರೆ ಸಣ್ಣ ಮುಳ್ಳಿಗೆ ಪಂಚರ್ ಅಂಗಡಿ ಹುಡುಕುವ ಪ್ರಸಂಗವೇ ಬರುವುದಿಲ್ಲ; ಮುಳ್ಳು ಕಿತ್ತು ಗಾಲಿಯನ್ನು ನಾಲ್ಕು ಸುತ್ತು ತಿರುಗಿಸಿದರೆ ತೂತು ಮುಚ್ಚುತ್ತದೆ. ಸೀಲಂಟ್ ಇಲ್ಲದಿದ್ದರೆ ದಾರಿಯಲ್ಲಿ ಮುಳ್ಳು ಕೀಳಬೇಡಿ. ಅದು ಇರುವಷ್ಟು ಹೊತ್ತು ಗಾಳಿ ನಿಧಾನ ಸೋರುತ್ತದೆ, ನಡುವೆ ಒಮ್ಮೆ ಗಾಳಿ ಹೊಡೆದು ಮಿಸ್ತ್ರಿಯವರೆಗೆ ಮುಟ್ಟಬಹುದು.

ಬ್ರೇಕ್

ಅಲಾಯ್ ರಿಮ್ಮನ್ನು ಎರಡೂ ಬದಿಯಿಂದ ರಬ್ಬರಿನಿಂದ ಹಿಡಿಯುವ ವಿ–ಬ್ರೇಕ್, ಇಲ್ಲವೇ ಗಾಲಿಯ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್. ಇವೆರಡರಲ್ಲಿ ಯಾವುದು ಎಂಬುದಕ್ಕೆ ಉತ್ತರ ನಿಮ್ಮ ಮಣ್ಣಿನಲ್ಲಿದೆ.

ವಿ–ಬ್ರೇಕ್ ಅಗ್ಗ, ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಒದ್ದೆಯಾದಾಗ ಗಾಲಿಯ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಕೆಂಪು ಗರಸಿನ ದಾರಿಯಲ್ಲಿ ದಿನಾ ಓಡಿಸಿದರೆ ರಬ್ಬರಿನಲ್ಲಿ ಹರಳು ಕಚ್ಚಿಕೊಂಡು ರಿಮ್ಮನ್ನೇ ಕೆತ್ತುತ್ತದೆ. ಹದಿನೈದು ದಿನಕ್ಕೊಮ್ಮೆ ಗಾಲಿ ಬಿಚ್ಚಿ ರಬ್ಬರಿನಲ್ಲಿ ಹೊಳೆಯುವ ಚೂರುಗಳನ್ನು ಸೂಜಿಯಿಂದ ಕೀಳಬೇಕು. ರಿಮ್ಮಿನ ಬದಿಯಲ್ಲಿ ಸಣ್ಣ ಗೆರೆ ಅಥವಾ ಚುಕ್ಕೆಯ ಗುರುತು ಇರುತ್ತದೆ. ಅದು ಮಾಯವಾದ ದಿನ ರಿಮ್ಮಿನ ಆಯುಷ್ಯ ಮುಗಿಯಿತು.

ಗರಸು, ರಾಡಿ ಎರಡೂ ಇರುವವರಿಗೆ ಡಿಸ್ಕ್ ಒಳ್ಳೆಯದು. 160 ಮಿಲಿಮೀಟರ್ ತಟ್ಟೆ ಸಾಕು. ತಂತಿಯಿಂದ ಎಳೆಯುವ ಡಿಸ್ಕಿನಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಒಳಗಿನದು ಸವೆದಷ್ಟೂ ಅದರ ತಿರುಪನ್ನು ಕಾಲುಸುತ್ತು ತಿರುಗಿಸಿ ತಟ್ಟೆಯ ಹತ್ತಿರ ತರಬೇಕು. ಇದು ಗೊತ್ತಿಲ್ಲದವರು ತಂತಿಯನ್ನೇ ಬಿಗಿಸುತ್ತಾ ಹೋಗುತ್ತಾರೆ, ಕೊನೆಗೆ ಲಿವರ್ ಹ್ಯಾಂಡಲಿಗೆ ತಾಗುತ್ತದೆ. ಎಣ್ಣೆಯ ಹೈಡ್ರಾಲಿಕ್ ಬ್ರೇಕ್ ಮಳೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ತುಕ್ಕು ಹಿಡಿಯಲು ತಂತಿಯೇ ಇಲ್ಲ. ಅದರ ಎಣ್ಣೆ ತೆಗೆದು ತುಂಬುವ ಸಲಕರಣೆ ನಿಮ್ಮ ಮಿಸ್ತ್ರಿಯ ಬಳಿ ಇದೆಯೇ ಎಂದು ಕೇಳಿಕೊಂಡು ಮುಂದುವರಿಯಿರಿ. ಯಾವ ಡಿಸ್ಕೇ ಆಗಲಿ, ಚೈನಿಗೆ ಸ್ಪ್ರೇ ಹೊಡೆಯುವಾಗ ಒಂದು ಹನಿ ತಟ್ಟೆಗೆ ಹಾರಿದರೂ ಪ್ಯಾಡ್ ಎಣ್ಣೆ ಕುಡಿದು ಕಿರುಚಲು ಶುರು ಮಾಡುತ್ತದೆ, ಹಿಡಿತ ಹೋಗುತ್ತದೆ.

ಅಂಗಡಿಯಲ್ಲಿ ಈ ಪರೀಕ್ಷೆ ಮಾಡಿ: ಬಾಟಲಿ ನೀರನ್ನು ಎರಡೂ ರಿಮ್ಮಿನ ಅಥವಾ ತಟ್ಟೆಯ ಮೇಲೆ ಸುರಿದು, ಒಂದಷ್ಟು ವೇಗ ಹಿಡಿದು, ಎರಡೂ ಬ್ರೇಕ್ ಒತ್ತಿ. ಪೂರ್ತಿ ಒತ್ತಿದಾಗಲೂ ಲಿವರಿಗೂ ಹ್ಯಾಂಡಲಿಗೂ ನಡುವೆ ಎರಡು ಬೆರಳು ಉಳಿಯಬೇಕು. ಬೇಡ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ಗೇರ್ ಎಷ್ಟು ಬೇಕು

21 ಗೇರ್ ಎಂಬ ಅಂಕಿಗೆ ಬೆಲೆ ಕೊಡಬೇಡಿ. ಮುಂದೆ ಒಂದೇ 38 ಹಲ್ಲಿನ ಚಕ್ರ, ಹಿಂದೆ 14ರಿಂದ 34 ಹಲ್ಲಿನ ಏಳು ಚಕ್ರ ಇದ್ದರೆ ಇಡೀ ಅವಳಿ ನಗರಕ್ಕೆ ಸಾಕು. ನಿಮಿಷಕ್ಕೆ 60 ಸುತ್ತು ತುಳಿದರೆ ದೊಡ್ಡ ಗೇರಿನಲ್ಲಿ ತಾಸಿಗೆ ಸುಮಾರು 21 ಕಿಲೋಮೀಟರ್, ಚಿಕ್ಕದರಲ್ಲಿ ಸುಮಾರು 9. ನೃಪತುಂಗ ಬೆಟ್ಟದ ಕಡೆಗಾಗಲಿ, ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಲಿ ಬೆವರದೆ ಅಲ್ಲದಿದ್ದರೂ ಇಳಿಯದೆ ಹತ್ತಬಹುದು. ಮುಂದೆ ಮೂರು ಚಕ್ರ ಇದ್ದಷ್ಟೂ ರಾಡಿ ಕೂರುವ ಜಾಗ ಹೆಚ್ಚು, ಕೆಡುವ ತಂತಿ ಒಂದು ಹೆಚ್ಚು. ದಿನವೂ ಎರೆಮಣ್ಣಿನ ಗಾಡಿದಾರಿ ತುಳಿಯುವವರಾದರೆ ಗೇರೇ ಬೇಡ. ಚೈನ್ ಕವರ್ ಪೂರ್ತಿ ಮುಚ್ಚಿದ ಒಂಟಿ ಗೇರಿನ ಸೈಕಲ್ ಒಯ್ಯಿರಿ.

ಒಂದು ಒಳಗಿನ ವಿಷಯ. ಅಗ್ಗದ ಏಳು ಗೇರಿನ ಸೈಕಲ್‌ಗಳಲ್ಲಿ ಹಿಂದಿನ ಹಲ್ಲಿನ ಚಕ್ರಗಳು ಮರೆಯಿಂದ (ತಿರುಪಿನ ಸುರುಳಿಯಿಂದ) ಹಬ್ಬಿಗೆ ಕೂರುವ ಫ್ರೀವೀಲ್. ಅದರಲ್ಲಿ ಬೇರಿಂಗ್ ಒಳಗೆ ಸರಿದಿದ್ದು, ಅಚ್ಚಿನ ಬಲಗಡೆ ಆಸರೆಯಿಲ್ಲದೆ ಉಳಿಯುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ತಗ್ಗಿಗೆ ಬಿದ್ದರೆ ಅಚ್ಚು ಅಲ್ಲಿಯೇ ಬಾಗುತ್ತದೆ. ನಿಮ್ಮ ತೂಕ, ಹೊರೆ ಸೇರಿ 90 ಕಿಲೋ ದಾಟುವುದಾದರೆ ಬೇರಿಂಗ್ ಅಚ್ಚಿನ ತುದಿಯ ಹತ್ತಿರವೇ ಕೂರುವ ಕ್ಯಾಸೆಟ್ ಹಬ್ ಇರುವುದನ್ನೇ ಕೇಳಿ.

ಅಳತೆ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ಗಟ್ಟಿ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. 76 ಸೆಂಟಿಮೀಟರ್ ಕಾಲಿಗೆ 67. ಪೇಟೆಯಲ್ಲಿ ಪದೇ ಪದೇ ನಿಲ್ಲುವವರು ಒಂದೆರಡು ಸೆಂಟಿಮೀಟರ್ ತಗ್ಗಿಸಿಕೊಳ್ಳಿ. ಐದಡಿ ಐದರಿಂದ ಐದಡಿ ಒಂಬತ್ತರ ನಡುವಿನವರಿಗೆ ಸಾಧಾರಣವಾಗಿ 17–18 ಇಂಚಿನ ಚೌಕಟ್ಟು ಹೊಂದುತ್ತದೆ. ಸೀರೆ, ಚೂಡಿದಾರ, ಪಂಚೆ ಉಡುವವರಿಗೆ ಮೇಲುಕೊಳವೆ ತಗ್ಗಾಗಿರುವ ಚೌಕಟ್ಟು, ಚೈನ್ ಕವರ್, ಹಿಂದಿನ ಗಾಲಿಗೆ ಜಾಳಿಗೆ ಮೂರೂ ಬೇಕು.

ಬಿಲ್ಲು ಮಾಡಿಸುವಾಗ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಇಟ್ಟ ಹಣವನ್ನೆಲ್ಲ ಸೈಕಲ್ಲಿಗೇ ಹಾಕಬೇಡಿ. ಮಡ್‌ಗಾರ್ಡ್, 25 ಕಿಲೋ ಹೊರುವ ಕ್ಯಾರಿಯರ್, ಮುಂದೆ–ಹಿಂದೆ ದೀಪ, ಬೀಗ, ಪಂಪು ಇಷ್ಟಕ್ಕೆ ಮೂರರಿಂದ ಐದು ಸಾವಿರ ಬೇರೆ ತೆಗೆದಿಡಿ. ಜಿಟಿಜಿಟಿ ಮಳೆಯ ಸಂಜೆಯಲ್ಲಿ ಹಿಂದಿನ ಕೆಂಪು ದೀಪ ಮುಂದಿನದಕ್ಕಿಂತ ಮುಖ್ಯ. ಪೆಡಲ್ ಅಚ್ಚಿನ ಕೆಳಗೆ ಕೆತ್ತಿದ ಚೌಕಟ್ಟಿನ ನಂಬರನ್ನು ಬಿಲ್ಲಿನ ಮೇಲೆ ಬರೆಸಿ, ಫೋಟೋ ತೆಗೆದಿಡಿ.

ಬ್ಯಾಟರಿ ಸೈಕಲ್ ಯೋಚಿಸುವವರಿಗೆ: ಮೋಟಾರ್ 250 ವಾಟ್, ವೇಗ ತಾಸಿಗೆ 25 ಕಿಲೋಮೀಟರ್ ಮೀರದಿದ್ದರೆ ನೋಂದಣಿ ಬೇಕಿಲ್ಲ. ಎದುರುಗಾಳಿಯ 20 ಕಿಲೋಮೀಟರಿಗೆ ಅದು ನಿಜವಾಗಿ ಉಪಕಾರಿ. ಬಿಚ್ಚಿ ಒಳಗೆ ಒಯ್ಯಬಹುದಾದ ಬ್ಯಾಟರಿಯನ್ನೇ ಆರಿಸಿ.

ಪೆಟ್ಟಿಗೆಯಲ್ಲಿ ಮನೆಗೆ ಬರುವ ಸೈಕಲ್ ಕೊಂಡರೆ ಜೋಡಣೆಯನ್ನು ಮಿಸ್ತ್ರಿಗೇ ಬಿಡಿ. ಎಡ ಪೆಡಲಿನ ಮರೆ ತಿರುವುಮುರುವು. ಬಲವಂತದಿಂದ ಕೂರಿಸಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮರೆ ಹರಿಯುತ್ತದೆ. ಫೋರ್ಕನ್ನು ಹಿಂದುಮುಂದು ಕೂರಿಸುವುದೂ ಸಾಮಾನ್ಯ ತಪ್ಪು. ಅಚ್ಚು ಹಿಡಿಯುವ ಬಾಗು ಮುಂದಕ್ಕೇ ಇರಬೇಕು.

ಮೊದಲ ತಿಂಗಳು, ಮೊದಲ ಮಳೆ

ಮೊದಲ 100–150 ಕಿಲೋಮೀಟರಿಗೆ ಕಡ್ಡಿಗಳು ಸಡಿಲಾಗುತ್ತವೆ, ತಂತಿಗಳು ಎಳೆದುಕೊಳ್ಳುತ್ತವೆ. ಇದು ದೋಷವಲ್ಲ. ಆಗ ಗಾಲಿ ಸೀದಾ ಮಾಡಿಸದಿದ್ದರೆ ಮಾತ್ರ ಮುಂದೆ ಕಡ್ಡಿ ತುಂಡಾಗತೊಡಗುತ್ತವೆ.

ಮಳೆಯಲ್ಲಿ ಓಡಿಸಿದ ದಿನ ಸಂಜೆ ಚೈನನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕೀಲಿಗೆ ಒಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಮತ್ತೆ ಒರೆಸಿ. ಗಾಡಿಯಿಂದ ತೆಗೆದ ಸುಟ್ಟ ಎಂಜಿನ್ ಎಣ್ಣೆ ಹಾಕಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಬೈಕ್ ತೊಳೆಯುವ ಜೋರು ನೀರಿನ ಪೈಪನ್ನು ಹಬ್ಬು, ಪೆಡಲ್ ಅಚ್ಚಿನ ಕಡೆಗೆ ಹಿಡಿಸಬೇಡಿ. ಗ್ರೀಸ್ ಹೊರಗೆ, ನೀರು ಒಳಗೆ. ಬಕೆಟ್ಟು, ಚಿಂದಿ ಸಾಕು. ಚೈನಿನ 12 ಜೋಡಿ ಕೊಂಡಿ ಹೊಸದಿದ್ದಾಗ ಸರಿಯಾಗಿ 12 ಇಂಚು. ಸ್ಕೇಲಿನಲ್ಲಿ 12 ಇಂಚಿನ ಮೇಲೆ ಇಂಚಿನ ಹದಿನಾರರಲ್ಲಿ ಒಂದು ಭಾಗ ಹಿಗ್ಗಿದ ಕೂಡಲೇ ಚೈನು ಬದಲಿಸಿದರೆ ಹಲ್ಲಿನ ಚಕ್ರಗಳು ಉಳಿಯುತ್ತವೆ. ಇಂಚಿನ ಎಂಟರಲ್ಲಿ ಒಂದು ಭಾಗ ಹಿಗ್ಗುವವರೆಗೆ ಬಿಟ್ಟರೆ ಚೈನು, ಫ್ರೀವೀಲ್ ಎರಡೂ ಹೋದವು.

ಬೇಸಿಗೆಯ ನಂತರದ ಮೊದಲ ಅಡ್ಡಮಳೆಯಲ್ಲಿ ರಸ್ತೆ ಮೇಲಿನ ಎಣ್ಣೆ, ಧೂಳು ಸೇರಿ ಸೋಪಿನ ಹಾಗೆ ಆಗುತ್ತದೆ. ಹದಿನೈದು ನಿಮಿಷ ಎಲ್ಲಾದರೂ ನಿಂತರೆ ತೊಳೆದುಹೋಗುತ್ತದೆ. ರೈಲು ಹಳಿ, ಸೇತುವೆಯ ಕಬ್ಬಿಣದ ಪಟ್ಟಿ ಒದ್ದೆಯಿದ್ದಾಗ ಓರೆಯಾಗಿ ದಾಟಬೇಡಿ, ಬ್ರೇಕ್ ಬಿಟ್ಟು ನೇರ ಅಡ್ಡಲಾಗಿ ದಾಟಿ. ವರ್ಷಕ್ಕೊಮ್ಮೆ, ರೋಹಿಣಿ ಮಳೆ ಕೂಡುವ ಮುನ್ನ, ಮೇ ಮೂರನೇ ವಾರದಲ್ಲಿ ಹಬ್ಬುಗಳಿಗೆ ಹೊಸ ಗ್ರೀಸ್, ಬ್ರೇಕಿಗೆ ಹೊಸ ರಬ್ಬರ್, ಹೊಸ ತಂತಿ ಹಾಕಿಸಿ. ಆಗ ಮಿಸ್ತ್ರಿಗಳಿಗೂ ಬಿಡುವಿರುತ್ತದೆ.